ರಣರಂಗದಿಂದ ಅಧ್ಯಕ್ಷಗಾದಿಗೆ: ಸ್ಯಾಮ್ ಹ್ಯೂಸ್ಟನ್

ಅಮೆರಿಕದ ಟೆಕ್ಸಾಸ್ ರಾಜ್ಯದ ಮಹಾನಗರ ಹ್ಯೂಸ್ಟನ್. ಅದಕ್ಕೆ ಇಟ್ಟಿರುವುದು ಜನರಲ್ ಸ್ಯಾಮ್ ಹ್ಯೂಸ್ಟನ್ (1793–1863) ಅವರ ಹೆಸರನ್ನು. 1836ರ ಏಪ್ರಿಲ್ 21ರಂದು ಟೆಕ್ಸಾಸ್ ಸ್ವಾತಂತ್ರ್ಯಕ್ಕಾಗಿ ನಡೆದ ಸ್ಯಾನ್ ಜಸಿಂಟೊ ಕದನದಲ್ಲಿ ಸುಮಾರು 18 ನಿಮಿಷಗಳಲ್ಲೇ ಮೆಕ್ಸಿಕೊ ಸೇನೆಯನ್ನು ಮಣಿಸಿದರು. ಮರುದಿನ ಎದುರಾಳಿ ಸೇನಾಪತಿ ಸಾಂಟಾ ಅನ್ನಾ ಸೆರೆಸಿಕ್ಕ. ಅದೇ ವರ್ಷ ಅವರು ಟೆಕ್ಸಾಸ್ ಗಣರಾಜ್ಯದ ಅಧ್ಯಕ್ಷರಾದರು. 1841ರಲ್ಲಿ ಮತ್ತೊಮ್ಮೆ ಗೆದ್ದರು.

ಇನ್ನೊಂದು ಕುತೂಹಲದ ಸಂಗತಿಯಿದೆ. ಟೆನೆಸಿ, ಟೆಕ್ಸಾಸ್ ಎರಡೂ ರಾಜ್ಯಗಳಿಗೆ ಅವರು ಚುನಾಯಿತ ಗವರ್ನರ್! ಸ್ವತಃ ಗುಲಾಮರ ಒಡೆಯರಾಗಿದ್ದರೂ, 1861ರಲ್ಲಿ ಅಮೆರಿಕದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದೆ ಟೆಕ್ಸಾಸ್ ಗವರ್ನರ್ ಪದವಿ ಕಳೆದುಕೊಂಡರು.

ಸೇನೆಯಿಂದ ಅಧ್ಯಕ್ಷಗಾದಿಗೆ ಬಂದವರ ಇತ್ತೀಚಿನ ಉದಾಹರಣೆ ಯೆಮನ್‌ನ ಸೇನಾನಿ ಅಬ್ದ್ ರಬ್ಬು ಮನ್ಸೂರ್ ಹಾದಿ. 1994ರಲ್ಲಿ ಉಪಾಧ್ಯಕ್ಷರಾದ ಇವರು 2012ರಲ್ಲಿ ಏಕೈಕ ಅಭ್ಯರ್ಥಿಯಾಗಿ ಅಧ್ಯಕ್ಷಗಾದಿಗೇರಿ, 2022ರ ಏಪ್ರಿಲ್ 7ರಂದು ಅಧಿಕಾರವನ್ನು ನಾಯಕತ್ವ ಮಂಡಳಿಗೆ ಒಪ್ಪಿಸಿದರು.