ಬೇಟೆಗಾರನ ಉಡುಪು, ಪಕ್ಷಿವೀಕ್ಷಕನಿಗೆ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂದು ವನ್ಯಮೃಗಗಳ ಬೇಟೆಯು ನಿಷಿದ್ಧವಾಗಿದೆ. ಆದರೆ ಪ್ರಾಣಿಯ ಕಣ್ಣಿಗೆ ಬೀಳದಂತೆ ಅದರ ಸಮೀಪಕ್ಕೆ ಸರಿಯುವ ಬೇಟೆಗಾರನ ವಿದ್ಯೆ ವ್ಯರ್ಥವಾಗಬೇಕಾಗಿಲ್ಲ. ಕೋವಿಯ ಬದಲು ದುರ್ಬೀನು ಹಿಡಿದವನಿಗೂ ಅದು ಬೇಕು.

ಉಡುಪನ್ನು ಆರಿಸುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಹಿನ್ನೆಲೆ ಯಾವುದು? ಹಿಮ ಬೀಳುವ ದೇಶಗಳ ಬೇಟೆಗಾರನು ಚಳಿಗಾಲದಲ್ಲಿ ಬಿಳಿಯ ಬಟ್ಟೆ ತೊಡುತ್ತಾನೆ. ನಮ್ಮ ಕಾಡಿನಲ್ಲಾದರೋ ಆಗ ಹುಲ್ಲು ಒಣಗುತ್ತದೆ. ಆದುದರಿಂದ ಅಲ್ಲಿ ಮಣ್ಣಿನ ಬಣ್ಣವೇ ಸರಿ. ಕುಕ್ಕರಹಳ್ಳಿ ಕೆರೆಯ ಜೊಂಡಿನ ಬಳಿ ಮಾಸಲು ಹಸಿರು ಮೇಲು.

ಎರಡನೆಯದು, ನೋಡುವ ಕಣ್ಣು ಯಾರದು? ಜಿಂಕೆಗೆ ಕೆಂಪು–ಹಸಿರುಗಳ ಭೇದ ಸರಿಯಾಗಿ ತಿಳಿಯದು. ಹುಲಿಯ ಕಿತ್ತಳೆ ಮೈ ಅದಕ್ಕೆ ಹುಲ್ಲಿನೊಡನೆ ಬೆರೆತು ಕಾಣುತ್ತದೆ. ನೀಲಿ ಮಾತ್ರ ಎದ್ದು ತೋರುತ್ತದೆ. ಹಕ್ಕಿಗಳು ನಮಗಿಂತ ಹೆಚ್ಚು ಬಣ್ಣಗಳನ್ನು ಬಲ್ಲವು. ಅನೇಕ ಹಕ್ಕಿಗಳಿಗೆ ನೇರಳಾತೀತ ಕಿರಣವೂ ಕಾಣುತ್ತದೆ. ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಗಳಲ್ಲಿರುವ ದ್ರವ್ಯವು ಆ ಕಿರಣವನ್ನು ಹೀರಿ ನೀಲಿಯಾಗಿ ಬೆಳಗುತ್ತದೆ. ಅಂಥ ಪುಡಿಯಲ್ಲಿ ಒಗೆದರೆ ಆರಿಸಿದ ಬಣ್ಣವೇ ಕೆಟ್ಟಂತೆ.

ಸರಸರನೆ ಸದ್ದು ಮಾಡುವ ನೈಲಾನಿಗಿಂತ ಹತ್ತಿ, ಉಣ್ಣೆ ಲೇಸು. ಸೈನಿಕರ ಸಮವಸ್ತ್ರವನ್ನು ಹೋಲುವ ಬಟ್ಟೆ ಕೂಡದು. ಎಲ್ಲಕ್ಕೂ ಮಿಗಿಲಾದುದು ನಿಶ್ಚಲತೆ. ಕೈಯಾಡಿಸುವವನನ್ನು ಯಾವ ಉಡುಪೂ ಮರೆಮಾಡಲಾರದು.

ಮಂಗೋಲಿಯಾದಿಂದ ಹಿಮಾಲಯವನ್ನು ದಾಟಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ನಮ್ಮನ್ನು ಕಂಡು ಬೆದರಿ ಹಾರಿದರೆ, ಹಿಂದಿರುಗುವ ಪಯಣಕ್ಕೆ ಕೂಡಿಟ್ಟ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬೇಟೆಗಾರನು ಮರೆಯಾಗುತ್ತಿದ್ದುದು ಕೊಲ್ಲುವುದಕ್ಕಾಗಿ. ನಾವು ಮರೆಯಾಗಬೇಕಾದುದು ಅದು ನೆಮ್ಮದಿಯಿಂದ ಮೇಯಲೆಂದು.