ಅಪ್ಪನ ಹಳೇ ಟ್ರ್ಯಾಕ್ಟರ್: ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಬಹಳ ಮನೆಗಳಲ್ಲಿ ಈ ಮಾತು ನಡೆದೇ ಇರುತ್ತದೆ. ಗ್ಯಾರೇಜಿನವರು "ಫುಲ್ ಎಂಜಿನ್ ಕೆಲಸ ಬಂದಿದೆ, ಒಂದೂವರೆ ಲಕ್ಷ ಇಟ್ಕೊಳ್ಳಿ" ಅಂತಾರೆ. ಅಪ್ಪ "ಮಾಡ್ಸು, ಇನ್ನೂ ಹತ್ತು ವರ್ಷ ಓಡ್ತದೆ" ಅಂತಾರೆ. ಮಗ "ಇದಕ್ಕೆ ದುಡ್ಡು ಸುರಿಯೋ ಬದಲು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತರೋಣ" ಅಂತಾನೆ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ಅಪ್ಪನಿಗೆ ಆ ಗಾಡಿ ಮೇಲೆ ಮಮತೆ, ಮಗನಿಗೆ ಹೊಸ ಗಾಡಿ ಮೇಲೆ ಆಸೆ. ಕೊನೆಗೆ ಕಂತು ಕಟ್ಟುವುದು ಮಾತ್ರ ಇಡೀ ಮನೆ.

ಈ ವಾರ ಆ ಲೆಕ್ಕವನ್ನೇ ಕಲಿಯೋಣ. ಮೊದಲೇ ಒಂದು ಮಾತು: ರಿಪೇರಿ ಬಿಲ್ ಎಷ್ಟು ದೊಡ್ಡದು ಅನ್ನೋದನ್ನು ನೋಡಿ ತೀರ್ಮಾನ ಮಾಡಬೇಡಿ. ಗಾಡಿಗೆ ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದೆ, ಕೆಟ್ಟು ನಿಂತರೆ ದಿನಕ್ಕೆ ಎಷ್ಟು ನಷ್ಟ, ಹೇರು ಎಳೆದಾಗ ಅದು ಸುರಕ್ಷಿತವಾಗಿ ನಿಲ್ಲುತ್ತದೆಯಾ, ಈ ಮೂರನ್ನು ನೋಡಿ.

1. ರೋಗ ಯಾವುದು ಅಂತ ಮೊದಲು ತಿಳ್ಕೊಳ್ಳಿ

"ಎಳೆಯೋದಿಲ್ಲ, ಹೊಗೆ ಬಿಡ್ತದೆ" ಅಂದ ಮಾತ್ರಕ್ಕೆ ಎಂಜಿನ್ ಬಿಚ್ಚಬೇಕು ಅಂತಲ್ಲ. ಹೊಗೆಯ ಬಣ್ಣ ನೋಡಿ.

ಕಪ್ಪು ಹೊಗೆ: ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ನಾಜಲ್ ಸವೆದಿರಬಹುದು, ಡೀಸೆಲ್ ಪಂಪ್ ಸೆಟ್ಟಿಂಗ್ ತಪ್ಪಿರಬಹುದು. ತೀರಾ ಹೆಚ್ಚು ಹೇರು ಹಾಕಿದರೂ ಹೀಗೇ ಆಗುತ್ತದೆ. ಇವು ಎಂಜಿನ್ ಕೆಲಸದ ಮುಂದೆ ಸಣ್ಣ ಖರ್ಚು.

ನೀಲಿ ಹೊಗೆ: ಎಂಜಿನ್ ಆಯಿಲ್ ಸುಡುತ್ತಿದೆ. ರಿಂಗ್, ಲೈನರ್ ಅಥವಾ ವಾಲ್ವ್ ಗೈಡ್ ಸವೆದಿರುವ ಲಕ್ಷಣ. ಇದು ದೊಡ್ಡ ಕೆಲಸ.

ಬಿಳಿ ಹೊಗೆ: ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಂದು ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ಬರುತ್ತಿದ್ದರೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಸೇರಿದೆ, ಗಾಡಿ ಓಡಿಸಬೇಡಿ.

ಇನ್ನೊಂದು ಪರೀಕ್ಷೆ: ಎಂಜಿನ್ ಬಿಸಿಯಾದ ಮೇಲೆ ಬ್ರೀದರ್ ಪೈಪ್ ನೋಡಿ. ಅಲ್ಲಿಂದ ಹೊಗೆ ಬುಸುಬುಸು ಅಂತ ಬರುತ್ತಿದ್ದರೆ ಪಿಸ್ಟನ್ ಪಕ್ಕದಿಂದ ಗಾಳಿ ಕೆಳಗೆ ಸೋರುತ್ತಿದೆ ಅಂತ ಅರ್ಥ. ಆಗ ಕಂಪ್ರೆಷನ್ ಚೆಕ್ ಮಾಡಿಸಿ, ನಂತರ ಎಂಜಿನ್ ಬಿಚ್ಚುವ ಮಾತಾಡಿ.

ಕ್ರಮ ಹೀಗಿರಲಿ: ಏರ್ ಕ್ಲೀನರ್, ಡೀಸೆಲ್ ಫಿಲ್ಟರ್, ಟ್ಯಾಪೆಟ್, ನಾಜಲ್, ಡೀಸೆಲ್ ಪಂಪ್. ಇಷ್ಟೂ ಸರಿ ಇದ್ದು ರೋಗ ಹೋಗದಿದ್ದರೆ ಆಗ ಎಂಜಿನ್. ಅಗ್ಗದ್ದು ಮೊದಲು, ದುಬಾರಿದು ಆಮೇಲೆ.

2. ಎಳೆಯೋದು ಎಂಜಿನ್, ನಿಲ್ಲಿಸೋದು ಬ್ರೇಕ್

ಎಂಜಿನ್ ಒಂದನ್ನೇ ನೋಡಿ ಲೆಕ್ಕ ಹಾಕುವುದು ನಾವು ಮಾಡುವ ದೊಡ್ಡ ತಪ್ಪು. ಹೊಲದಲ್ಲಿ ಕುಂಟೆ ಹೊಡೆಯುವ ಗಾಡಿಗೆ ಬ್ರೇಕ್ ಸ್ವಲ್ಪ ಸಡಿಲ ಇದ್ದರೂ ಹೇಗೋ ನಡೆದೀತು. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಕಬ್ಬು ತುಂಬಿದ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿ ರಸ್ತೆಗಿಳಿಯುವ ಗಾಡಿಗೆ ಹಾಗಲ್ಲ. ಇಳಿಜಾರಿನಲ್ಲಿ ಹೇರು ಹಿಂದಿನಿಂದ ಟ್ರ್ಯಾಕ್ಟರನ್ನು ತಳ್ಳುತ್ತದೆ. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಅಷ್ಟೂ ಭಾರ ಟ್ರ್ಯಾಕ್ಟರ್ ಬ್ರೇಕಿನ ಮೇಲೆ.

ಇವನ್ನು ನೀವೇ ನೋಡಬಹುದು:

• ಎರಡೂ ಬ್ರೇಕ್ ಪೆಡಲ್ ಜೋಡಿಸುವ ಕೊಂಡಿ ಹಾಕಿ, ಖಾಲಿ ಜಾಗದಲ್ಲಿ ಬ್ರೇಕ್ ಒತ್ತಿ. ಗಾಡಿ ಒಂದು ಕಡೆಗೆ ಎಳೆದರೆ ಎರಡೂ ಬ್ರೇಕ್ ಸಮ ಇಲ್ಲ.
• ಸ್ಟೀರಿಂಗ್ ಅಲ್ಲಾಡಿಸಿ. ಚಕ್ರ ತಿರುಗುವ ಮೊದಲೇ ಸ್ಟೀರಿಂಗ್ ಬಹಳ ಓಡಾಡಿದರೆ ಬಾಲ್ ಜಾಯಿಂಟ್, ಕಿಂಗ್ ಪಿನ್ ನೋಡಿಸಿ.
• ಟ್ರೇಲರ್ ಕಟ್ಟುವ ಹುಕ್ಕು ಮತ್ತು ಪಿನ್ ಸವೆದು ತೆಳ್ಳಗಾಗಿದೆಯಾ ನೋಡಿ.
• ಗೇರ್ ಬಾಕ್ಸ್, ಕ್ಲಚ್ ಹೌಸಿಂಗ್, ಮುಂದಿನ ಆಕ್ಸಲ್ ತೊಳೆದು ಒರೆಸಿ, ಬಿರುಕು ಹುಡುಕಿ. ಹಳೇ ವೆಲ್ಡಿಂಗ್ ಗುರುತು ಇದ್ದರೆ ಅಲ್ಲೇ ಎರಡು ಸಲ ನೋಡಿ.
• ಭಾರದ ಉಪಕರಣ ಎತ್ತಿ ಎಂಜಿನ್ ಆಫ್ ಮಾಡಿ. ಲಿಫ್ಟ್ ತಕ್ಷಣ ಕೆಳಗಿಳಿದರೆ ಹೈಡ್ರಾಲಿಕ್ ಕೆಲಸವೂ ಬಿಲ್‌ಗೆ ಸೇರುತ್ತದೆ. ಈ ಪರೀಕ್ಷೆ ಮಾಡುವಾಗ ಉಪಕರಣದ ಕೆಳಗೆ ಯಾರೂ ಕೈಕಾಲು ಹಾಕಬಾರದು.

ಹೌಸಿಂಗ್ ಬಿರುಕು ಬಿಟ್ಟು, ಜತೆಗೆ ಗೇರ್ ಬಾಕ್ಸ್, ಎಂಜಿನ್ ಎರಡೂ ಹೋಗಿದ್ದರೆ ಮುಂದಿನ ಲೆಕ್ಕವೇ ಬೇಡ. ಅಂಥ ಗಾಡಿಗೆ ದುಡ್ಡು ಹಾಕಬೇಡಿ. ಬ್ರೇಕ್, ಸ್ಟೀರಿಂಗ್, ಹುಕ್ಕು ಮಾತ್ರ ಹಾಳಾಗಿದ್ದರೆ ಅವನ್ನು ಇವತ್ತೇ ಸರಿ ಮಾಡಿಸಿ, ಗಾಡಿ ಇಟ್ಟುಕೊಳ್ಳುವುದೋ ಮಾರುವುದೋ ಆಮೇಲೆ ನೋಡೋಣ.

ಇನ್ನೊಂದು ವಿಷಯ. ಹೊಸ ಟ್ರ್ಯಾಕ್ಟರ್ ತಂದು ಅದೇ ಹಳೇ ಟ್ರೇಲರ್, ಅದೇ ಸವೆದ ಪಿನ್, ರಿಫ್ಲೆಕ್ಟರ್ ಇಲ್ಲದ ಹಿಂಬದಿ ಇಟ್ಟುಕೊಂಡರೆ ಅಪಾಯ ಅಷ್ಟೇ ಇರುತ್ತದೆ.

3. ಬಿಡಿಭಾಗ ಮತ್ತು ಕಾಗದ

ನಿಮ್ಮ ಮಾಡೆಲ್ ಈಗಲೂ ತಯಾರಾಗುತ್ತಿದೆಯಾ? ಉದಾಹರಣೆಗೆ ಎಚ್‌ಎಂಟಿ ಟ್ರ್ಯಾಕ್ಟರ್. ಪಿಂಜೋರಿನ ಆ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಇಂಥ ಗಾಡಿ ಇದ್ದವರು ಎಂಜಿನ್ ಬಿಚ್ಚುವ ಮೊದಲೇ ಪಟ್ಟಿ ಹಿಡಿದು ಅಂಗಡಿಗೆ ಹೋಗಿ ಯಾವ ಸಾಮಾನು ಸಿಗುತ್ತದೆ ಅಂತ ಕೇಳಬೇಕು. ಬಿಚ್ಚಿಟ್ಟ ಎಂಜಿನ್ ಒಂದು ಬೇರಿಂಗ್‌ಗೋಸ್ಕರ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಕೂರಬಾರದು.

ಆರ್‌ಸಿ ತೆಗೆದು ನೋಡಿ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿದಿದ್ದರೆ ಆ ಖರ್ಚನ್ನೂ ರಿಪೇರಿ ಬಿಲ್‌ಗೆ ಸೇರಿಸಿ. ಟ್ರೇಲರ್‌ಗೆ ಬೇರೆ ಆರ್‌ಸಿ ಇರುತ್ತದೆ, ಮರೆಯಬೇಡಿ. ಹಳೇ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ ಮಾರುವಾಗ ತೊಂದರೆ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ತಂದು ತೆಗೆಸಿ.

4. ಈಗ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ಕಲಿಯಲಿಕ್ಕೆ ನಾವು ಹಾಕಿಕೊಂಡವು. ನಿಮ್ಮೂರಿನ ಬೆಲೆ ಹಾಕಿ ನೀವೇ ಮತ್ತೆ ಮಾಡಿ. ಗಾಡಿ ವರ್ಷಕ್ಕೆ 400 ಗಂಟೆ ಓಡುತ್ತದೆ ಅಂದುಕೊಳ್ಳೋಣ. ಎರಡೂ ಕಡೆ ಐದು ವರ್ಷಕ್ಕೆ ಲೆಕ್ಕ.

ಹಳೇದನ್ನು ರಿಪೇರಿ ಮಾಡಿಸಿದರೆ, ವರ್ಷಕ್ಕೆ:
• ಎಂಜಿನ್, ಕ್ಲಚ್, ಬ್ರೇಕ್, ಟೈರ್ ಸೇರಿ 1,50,000. ಐದು ವರ್ಷಕ್ಕೆ ಹಂಚಿದರೆ 30,000
• ಆಗಾಗ ಬರುವ ಸಣ್ಣ ರಿಪೇರಿ, ಸರ್ವಿಸ್, ವಿಮೆ 25,000
• ಹೊಸದಕ್ಕಿಂತ ಗಂಟೆಗೆ ಅರ್ಧ ಲೀಟರ್ ಹೆಚ್ಚು ಡೀಸೆಲ್. 200 ಲೀಟರ್, ಲೀಟರಿಗೆ 90ರಂತೆ 18,000
• ಈಗ 1,80,000ಕ್ಕೆ ಹೋಗುವ ಗಾಡಿ ಐದು ವರ್ಷದ ನಂತರ 1,00,000ಕ್ಕೆ ಹೋದರೆ ಇಳಿದ ಬೆಲೆ 16,000
ಒಟ್ಟು 89,000. ಗಂಟೆಗೆ ಸುಮಾರು 223 ರೂಪಾಯಿ.

ಹೊಸದು ತಂದರೆ:
ಬೆಲೆ 7,80,000. ಹಳೇದಕ್ಕೆ 1,80,000 ಎಕ್ಸ್‌ಚೇಂಜ್. ಸಾಲ 6,00,000, ಶೇ 12 ಬಡ್ಡಿ, ಐದು ವರ್ಷ, ಆರು ತಿಂಗಳಿಗೊಂದು ಕಂತು. ಒಂದು ಕಂತು ಸುಮಾರು 81,500. ಹತ್ತು ಕಂತಿಗೆ 8,15,000 ದಾಟುತ್ತದೆ. ಅದರಲ್ಲಿ ಬಡ್ಡಿಯೇ 2,15,000.
• ಬಡ್ಡಿ, ವರ್ಷಕ್ಕೆ 43,000
• ಐದು ವರ್ಷದ ನಂತರ 4,50,000ಕ್ಕೆ ಮಾರಿದರೆ ಇಳಿದ ಬೆಲೆ 3,30,000, ವರ್ಷಕ್ಕೆ 66,000
• ಸರ್ವಿಸ್, ವಿಮೆ 20,000
ಒಟ್ಟು 1,29,000. ಗಂಟೆಗೆ ಸುಮಾರು 323 ರೂಪಾಯಿ.

ಅಂದರೆ ಹಳೇದನ್ನು ಉಳಿಸಿಕೊಂಡರೆ ವರ್ಷಕ್ಕೆ 40,000 ಲಾಭ. ಅಪ್ಪ ಗೆದ್ದರು ಅನ್ನಬೇಡಿ, ಇನ್ನೂ ಒಂದು ಸಾಲು ಬಾಕಿ ಇದೆ.

5. ಕೆಟ್ಟು ನಿಂತ ದಿನದ ಬೆಲೆ

ಕಬ್ಬಿನ ಹಂಗಾಮಿನಲ್ಲಿ ಗಾಡಿ ನಿಂತರೆ ಖರ್ಚು ಕಳೆದು ದಿನಕ್ಕೆ 3,000 ಹೋಗುತ್ತದೆ ಅಂದುಕೊಳ್ಳಿ. 40,000ವನ್ನು 3,000ದಿಂದ ಭಾಗಿಸಿ. ಸುಮಾರು 13 ದಿನ ಬರುತ್ತದೆ. ಹೊಸ ಗಾಡಿಗಿಂತ ಹಳೇ ಗಾಡಿ ವರ್ಷಕ್ಕೆ 13 ದಿನಕ್ಕೂ ಹೆಚ್ಚು ಕೆಟ್ಟು ನಿಂತರೆ ಆ 40,000 ಲಾಭ ಕರಗಿ ಹೋಯಿತು. ಆಗ ಮಗ ಹೇಳಿದ್ದೇ ಸರಿ.

ಸ್ವಂತ ಆರೇಳು ಎಕರೆ ಉಳುಮೆ, ಗೊಬ್ಬರ ಸಾಗಾಟ, ಮಾರುಕಟ್ಟೆಗೆ ಒಂದೆರಡು ಟ್ರಿಪ್ ಇರುವ ಮನೆಗೆ ಗಾಡಿ ಒಂದು ದಿನ ನಿಂತರೆ ಕೆಲಸ ನಾಳೆಗೆ ಹೋಗುತ್ತದೆ, ಅಷ್ಟೆ. ಹೇರು ಹೊಡೆದೇ ಬದುಕುವ ಮನೆಗೆ ಒಂದು ದಿನ ನಿಂತರೆ ಆ ದಿನದ ದುಡಿಮೆ ವಾಪಸ್ ಬರುವುದಿಲ್ಲ. ಒಂದೇ ಮಾಡೆಲ್, ಒಂದೇ ವಯಸ್ಸಿನ ಗಾಡಿ ಇದ್ದರೂ ಎರಡು ಮನೆಗೆ ಎರಡು ಉತ್ತರ ಬರುವುದು ಇದಕ್ಕೇ. ಪಕ್ಕದ ಮನೆಯವರು ಹೊಸದು ತಂದರು ಅನ್ನೋದು ನಿಮಗೆ ಕಾರಣ ಆಗಲ್ಲ.

ಕೈಗೆ ಬರುವ ದುಡ್ಡನ್ನೂ ನೋಡಿ. ಹೊಸ ಗಾಡಿಯ ಕಂತು, ಖರ್ಚು ಸೇರಿ ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ 1,83,000 ನಗದು ಹೊಂದಿಸಬೇಕು, ಐದು ವರ್ಷ ಬಿಡದೆ. ಮಳೆ ಕೈಕೊಟ್ಟ ವರ್ಷವೂ ಕಂತು ನಿಲ್ಲುವುದಿಲ್ಲ. ಎರಡು ಕೆಟ್ಟ ವರ್ಷ ಬಂದರೆ ಕಂತು ಎಲ್ಲಿಂದ ಅನ್ನೋದಕ್ಕೆ ಉತ್ತರ ಇಲ್ಲದಿದ್ದರೆ ಸಹಿ ಹಾಕಬೇಡಿ.

6. ಹೊಸದು ತಗೊಳ್ಳೋದೇ ಆದರೆ

• "ಬಡ್ಡಿ ಬರೀ 8 ಪರ್ಸೆಂಟ್" ಅಂದರೆ ಫ್ಲ್ಯಾಟಾ, ಇಳಿಕೆ ಬಡ್ಡಿಯಾ ಅಂತ ಕೇಳಿ. 6,00,000ಕ್ಕೆ ಶೇ 8 ಫ್ಲ್ಯಾಟ್ ಅಂದರೆ ಐದು ವರ್ಷಕ್ಕೆ 2,40,000 ಬಡ್ಡಿ. ಮೇಲಿನ ಶೇ 12 ಇಳಿಕೆ ಬಡ್ಡಿಗಿಂತ ಇದೇ ದುಬಾರಿ!
• 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟೈರ್, ಟ್ಯೂಬಿಗೆ ಶೇ 18 ಇದ್ದದ್ದು ಶೇ 5 ಆಗಿದೆ. ಹಳೇ ಕೊಟೇಶನ್ ಹಿಡಿದು ಮಾತಾಡಬೇಡಿ, ಹೊಸದಾಗಿ ಬರೆಸಿಕೊಳ್ಳಿ.
• 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಇವುಗಳಲ್ಲಿ ಎಲೆಕ್ಟ್ರಾನಿಕ್ ಭಾಗ ಹೆಚ್ಚು, ಊರಿನ ಮೆಕ್ಯಾನಿಕ್ ಕೈಯಲ್ಲಿ ಎಲ್ಲವೂ ಆಗದು. ಅಷ್ಟು ಎಚ್‌ಪಿ ನಿಜಕ್ಕೂ ಬೇಕಾ, ಸರ್ವಿಸ್ ಎಷ್ಟು ದೂರ, ಎರಡೂ ವಿಚಾರಿಸಿ.
• ಹಳೇದನ್ನು ಯಾರಿಗೇ ಕೊಟ್ಟರೂ ಫಾರಂ 29, 30 ಮುಗಿಸಿ ಆರ್‌ಸಿ ಹೆಸರು ಬದಲಾಗೋವರೆಗೂ ಬಿಡಬೇಡಿ. ಗಾಡಿ ಬೇರೆಯವರ ಹತ್ತಿರ ಅಪಘಾತ ಮಾಡಿದರೆ ನೋಟಿಸ್ ಅಪ್ಪನ ಹೆಸರಿಗೆ ಬರುತ್ತದೆ.
• ಬಾಡಿಗೆಗೆ ಹೇರು ಹೊಡೆಯುವವರು ವಿಮೆ ಮಾಡಿಸುವಾಗಲೇ ಅದನ್ನು ಹೇಳಿ. ಬರೀ ಕೃಷಿ ಕೆಲಸ ಅಂತ ಮಾಡಿಸಿದ ವಿಮೆ ಬೇಕಾದ ಹೊತ್ತಿಗೆ ತಕರಾರಿಗೆ ಬೀಳಬಹುದು.

7. ಮೂರನೇ ದಾರಿಯೂ ಇದೆ

ನಿಮ್ಮ ಗಾಡಿ ವರ್ಷಕ್ಕೆ 200 ಗಂಟೆ ಮಾತ್ರ ಓಡುತ್ತದೆ ಅಂದರೆ ಅದೇ ಹೊಸ ಟ್ರ್ಯಾಕ್ಟರ್ ಗಂಟೆಗೆ ಸುಮಾರು 645 ರೂಪಾಯಿ ಬೀಳುತ್ತದೆ. ಅದೂ ಡೀಸೆಲ್, ಡ್ರೈವರ್ ಬಿಟ್ಟು. ಇದನ್ನು ನಿಮ್ಮೂರಿನ ಬಾಡಿಗೆ ದರದ ಪಕ್ಕ ಇಟ್ಟು ನೋಡಿ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ರೋಟಾವೇಟರ್, ಆಳ ಉಳುಮೆ, ಭಾರಿ ಹೇರು ಬಾಡಿಗೆ ಗಾಡಿಗೆ ಬಿಟ್ಟು, ಹಳೇದಕ್ಕೆ ಬ್ರೇಕ್, ಕ್ಲಚ್ ಮಾತ್ರ ಮಾಡಿಸಿ ಹಗುರ ಕೆಲಸಕ್ಕೆ ಇಟ್ಟುಕೊಂಡರೆ ಎರಡು ದೊಡ್ಡ ಖರ್ಚೂ ತಪ್ಪುತ್ತದೆ.

ಈ ವಾರದ ಕೆಲಸ

ಮೊಬೈಲ್ ತಗೊಳ್ಳಿ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನ ವಿಡಿಯೋ ಮಾಡಿ, ಹೊಗೆ ಕಾಣಲಿ, ಸದ್ದು ಕೇಳಲಿ. ಬ್ರೀದರ್ ಪೈಪಿನದೂ ಒಂದು. ಇಬ್ಬರು ಬೇರೆ ಬೇರೆ ಮೆಕ್ಯಾನಿಕ್‌ಗೆ ಕಳಿಸಿ, ಸಾಮಾನು ಮತ್ತು ಕೂಲಿ ಬೇರೆ ಬೇರೆ ಬರೆದ ಪಟ್ಟಿ ಕೇಳಿ. ಅವರ್ ಮೀಟರ್ ಫೋಟೋ ಪ್ರತಿ ತಿಂಗಳ ಒಂದನೇ ತಾರೀಕು ತೆಗೆದಿಡಿ. ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನೇ ಹಾಕಿಸಿ. ಟ್ಯಾಂಕ್ ಫುಲ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಫುಲ್ ಮಾಡಿ, ಹಿಡಿಸಿದ ಲೀಟರನ್ನು ಗಂಟೆಯಿಂದ ಭಾಗಿಸಿ. ಹೋದ ವರ್ಷ ಗಾಡಿ ಎಷ್ಟು ದಿನ ನಿಂತಿತ್ತು ಅಂತ ಅಪ್ಪನ ಜತೆ ಕೂತು ನೆನಪು ಮಾಡಿ ಬರೆಯಿರಿ.

ಇದನ್ನೆಲ್ಲ ಹಂಗಾಮಿಗೆ ಎರಡು ತಿಂಗಳು ಮೊದಲೇ ಮಾಡಿ. ಕಬ್ಬು ಕಡಿಯೋ ಗ್ಯಾಂಗ್ ಹೊಲಕ್ಕೆ ಬಂದು ನಿಂತಾಗ ಗ್ಯಾರೇಜಿನವರು ಹೇಳಿದ್ದೇ ರೇಟು, ಶೋರೂಮಿನವರು ಹೇಳಿದ್ದೇ ಬಡ್ಡಿ. ಮತ್ತೆ, ಲೆಕ್ಕದ ಹಾಳೆ ಹಿಡಿದುಕೊಂಡು ಅಪ್ಪನ ಹತ್ತಿರ ಜಗಳಕ್ಕೆ ಹೋಗಬೇಡಿ. ಆ ಗಾಡಿ ಯಾವ ಗೇರಲ್ಲಿ ಯಾವ ದಿನ್ನೆ ಹತ್ತುತ್ತದೆ, ಯಾವ ಸದ್ದು ಯಾವಾಗಿನಿಂದ ಶುರುವಾಯಿತು ಅಂತ ಅವರಿಗೆ ಗೊತ್ತಿದ್ದಷ್ಟು ಯಾವ ಮೆಕ್ಯಾನಿಕ್‌ಗೂ ಗೊತ್ತಿರುವುದಿಲ್ಲ. ಮೊದಲು ಅವರನ್ನು ಕೇಳಿ, ಆಮೇಲೆ ಹಾಳೆ ತೋರಿಸಿ.