ಪೆನ್‌ಡ್ರೈವ್ ಹಾಕಿದರೂ ವಿಡಿಯೊ ಬರುತ್ತಿಲ್ಲವೇ?

ಸ್ಟುಡಿಯೊದವರು ಕೊಟ್ಟ ಮದುವೆಯ ಪೆನ್‌ಡ್ರೈವ್ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಅದನ್ನೇ ಟಿವಿಗೆ ಚುಚ್ಚಿದರೆ ಚಿತ್ರ ಬರುತ್ತದೆ, ಓಲಗದ ಸದ್ದಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಐಫೋನಿನಲ್ಲಿ ಹಿಡಿದು ಕಳಿಸಿದ ಜಾತ್ರೆಯ ವಿಡಿಯೊ ಮನೆಯ ಲ್ಯಾಪ್‌ಟಾಪಿನಲ್ಲಿ ಬರೀ ಕಪ್ಪು ಪರದೆ. ಬೀರುವಿನಲ್ಲಿರುವ ಹಳೆಯ ಮದುವೆ ಡಿವಿಡಿಯನ್ನು ಹೊಸ ಕಂಪ್ಯೂಟರ್ ಗುರುತೇ ಹಿಡಿಯುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂಥ ಊರಿನಲ್ಲಿ ಈ ಮೂರೂ ತೊಂದರೆ ಒಂದೇ ಮನೆಯಲ್ಲಿ ಇರಬಹುದು. ಫೈಲ್ ಕೆಟ್ಟಿದೆ ಎಂದುಕೊಂಡು ಹಲವರು ಅಲ್ಲಿಗೇ ಬಿಡುತ್ತಾರೆ. ಕೆಲವರು ಪೇಟೆಯ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕನ್ವರ್ಟ್ ಮಾಡಿಸುತ್ತಾರೆ. ಸಾಮಾನ್ಯವಾಗಿ ಫೈಲ್ ಕೆಟ್ಟಿರುವುದೂ ಇಲ್ಲ, ದುಡ್ಡು ಕೊಡಬೇಕಾದ ಅಗತ್ಯವೂ ಇಲ್ಲ. ಫೈಲಿನ ಒಳಗೇನಿದೆ ಎಂದು ಮೊದಲು ನೋಡಿಕೊಂಡರೆ ಸಾಕು.

ಫೈಲಿನ ಹೆಸರಿನ ಕೊನೆಗೆ ಬರುವ ಎಂಪಿ4, ಎಂಕೆವಿ, ಎವಿಐ, ಎಂಒವಿ ಎಂಬ ಅಕ್ಷರಗಳು ಹೇಳುವುದು ಹೊರಗಿನ ಕಟ್ಟನ್ನು ಮಾತ್ರ. ಚಿಂತಾಮಣಿ ಮಾರುಕಟ್ಟೆಗೆ ಬರುವ ಕ್ರೇಟಿನ ಬಣ್ಣ ನೋಡಿ ಒಳಗಿರುವುದು ಟೊಮೆಟೊವೋ ಬೀನ್ಸೋ ಎಂದು ಹೇಳಲಾಗದು, ಇಲ್ಲಿಯೂ ಹಾಗೆಯೇ. ಆ ಕಟ್ಟಿನೊಳಗೆ ಚಿತ್ರವನ್ನು ಒಂದು ವಿಧಾನದಲ್ಲಿ, ಧ್ವನಿಯನ್ನು ಮತ್ತೊಂದು ವಿಧಾನದಲ್ಲಿ ಅಡಕ ಮಾಡಿ ಇಟ್ಟಿರುತ್ತಾರೆ. ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಚಿತ್ರಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವುದು 2003ರಲ್ಲಿ ಬಂದ ಎಚ್.264. ಅದರ ನಂತರದ್ದು 2013ರ ಎಚ್.265, ಇದನ್ನೇ ಎಚ್‌ಇವಿಸಿ ಎಂದೂ ಕರೆಯುತ್ತಾರೆ. ಅದೇ ಗುಣಮಟ್ಟದ ಚಿತ್ರವನ್ನು ಸುಮಾರು ಅರ್ಧದಷ್ಟು ಜಾಗದಲ್ಲಿ ಹಿಡಿಸುವುದು ಇದರ ಹೆಚ್ಚುಗಾರಿಕೆ. ಧ್ವನಿಯ ಕಡೆ ಎಎಸಿ, ಎಂಪಿ3, ಎಸಿ3, ಡಿಟಿಎಸ್ ಇವೆ. ಪ್ಲೇಯರಿಗೆ ಎರಡನ್ನೂ ಬಿಡಿಸಲು ಬರಬೇಕು. ಚಿತ್ರದ ಕೋಡೆಕ್ ಗೊತ್ತಿಲ್ಲದಿದ್ದರೆ ಕಪ್ಪು ಪರದೆ, ಧ್ವನಿಯದು ಗೊತ್ತಿಲ್ಲದಿದ್ದರೆ ಮೂಕಿಚಿತ್ರ. ಹೆಸರಿನ ಕೊನೆಯ ಎಂಕೆವಿ ಅಳಿಸಿ ಎಂಪಿ4 ಎಂದು ಬರೆದರೆ ಒಳಗಿನದು ಬದಲಾಗುವುದಿಲ್ಲ.

ಮೊದಲ ಕೆಲಸ: ವಿಎಲ್‌ಸಿ ಹಾಕಿಕೊಳ್ಳಿ

ಉಚಿತ ಪ್ಲೇಯರ್‌ಗಳಲ್ಲಿ ಮೊದಲು ಪ್ರಯತ್ನಿಸಬೇಕಾದ್ದು ವಿಎಲ್‌ಸಿ. 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಶುರು ಮಾಡಿದ ಯೋಜನೆ ಇದು. 2001ರಿಂದ ಮುಕ್ತ ತಂತ್ರಾಂಶ. ಈಗ ನೋಡಿಕೊಳ್ಳುತ್ತಿರುವುದು ವಿಡಿಯೋಲ್ಯಾನ್ ಎಂಬ ಲಾಭರಹಿತ ಸಂಸ್ಥೆ. ಜಾಹೀರಾತಿಲ್ಲ, ನೋಂದಣಿ ಕೇಳುವುದಿಲ್ಲ. ಇದರ ಬಲ ಇರುವುದು ಒಂದೇ ಕಡೆ: ಬೇಕಾದ ಕೋಡೆಕ್‌ಗಳನ್ನೆಲ್ಲ ತನ್ನ ಜೊತೆಯಲ್ಲೇ ತರುತ್ತದೆ, ವಿಂಡೋಸ್ ಏನು ಕೊಟ್ಟಿದೆ ಎಂದು ಕಾಯುವುದಿಲ್ಲ. ಆದ್ದರಿಂದ ವಿಂಡೋಸ್‌ನದೇ ಪ್ಲೇಯರ್ ‘ಎಚ್‌ಇವಿಸಿ ಎಕ್ಸ್‌ಟೆನ್ಶನ್ ಕೊಳ್ಳಿ’ ಎಂದು ಅಂಗಡಿ ತೋರಿಸುವ ಫೈಲನ್ನು ವಿಎಲ್‌ಸಿ ಸುಮ್ಮನೆ ತೆರೆಯುತ್ತದೆ. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರಿಗೂ ಇದರ ಮೂರನೇ ಸರಣಿಯ ಆವೃತ್ತಿ ಹೊಂದುತ್ತದೆ.

ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದು ಮುಖ್ಯ. 2022ರ ಫೆಬ್ರುವರಿಯಿಂದ ನವೆಂಬರ್‌ವರೆಗೆ ವಿಡಿಯೋಲ್ಯಾನ್ ಜಾಲತಾಣ ನಿರ್ಬಂಧದಿಂದಾಗಿ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಸಂಸ್ಥೆ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಕಾನೂನು ನೋಟಿಸ್ ಕಳಿಸಿದ ಮೇಲೆ, ನವೆಂಬರ್ 14ರಂದು ನಿರ್ಬಂಧ ತೆರವಾಯಿತು. ಮೂಲ ತಾಣ ಸಿಗದಿದ್ದಾಗ ಜನ ಗೂಗಲ್‌ನಲ್ಲಿ ಕಂಡ ಬೇರೆ ಬೇರೆ ತಾಣಗಳ ಮೊರೆ ಹೋಗುತ್ತಾರೆ. ಬೇಡದ ತಂತ್ರಾಂಶ ಕಂಪ್ಯೂಟರಿನೊಳಕ್ಕೆ ನುಸುಳುವ ದಾರಿಯೇ ಅದು. ಈಗ ಆ ತಾಣ ತೆರೆಯುತ್ತದೆ. ವಿಡಿಯೋಲ್ಯಾನ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ, ಮೊಬೈಲಿಗೆ ಪ್ಲೇಸ್ಟೋರ್ ಇದ್ದೇ ಇದೆ. ವಿಡಿಯೊ ಮಧ್ಯೆ ‘ಈ ಕೋಡೆಕ್ ಹಾಕಿಕೊಳ್ಳಿ’, ‘ಪ್ಲೇಯರ್ ಅಪ್‌ಡೇಟ್ ಮಾಡಿ’ ಎಂದು ಎದ್ದು ಬರುವ ಕಿಟಕಿಗಳನ್ನು ಯಾವ ಕಾರಣಕ್ಕೂ ಒತ್ತಬೇಡಿ.

ಎರಡನೆಯದು: ಒಳಗೇನಿದೆ ನೋಡಿ

ತೊಂದರೆ ಕೊಡುವ ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ಕಂಟ್ರೋಲ್ ಒತ್ತಿ ಹಿಡಿದು ಜೆ ಒತ್ತಿ. ಚಿಕ್ಕ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ‘ಸ್ಟ್ರೀಮ್ 0’, ‘ಸ್ಟ್ರೀಮ್ 1’ ಎಂಬ ತಲೆಬರಹಗಳಿರುತ್ತವೆ. ಒಂದು ಚಿತ್ರದ್ದು, ಇನ್ನೊಂದು ಧ್ವನಿಯದ್ದು. ಚಿತ್ರದ ಕೆಳಗೆ ಕೋಡೆಕ್ ಎಂಬ ಸಾಲಿನಲ್ಲಿ ಎಚ್264 ಎಂದಿದ್ದರೆ ನಿಶ್ಚಿಂತೆ. ಎಚ್‌ಇವಿಸಿ ಎಂದಿದ್ದರೆ ಹಳೆಯ ಟಿವಿ, ಹಳೆಯ ಲ್ಯಾಪ್‌ಟಾಪಿಗೆ ಕಷ್ಟ. ಕೆಳಗೆ ರೆಸಲ್ಯೂಶನ್ ಇರುತ್ತದೆ: 1920 ಗುಣಿಸು 1080 ಎಂದರೆ ಫುಲ್ ಎಚ್‌ಡಿ, 3840 ಗುಣಿಸು 2160 ಎಂದರೆ 4ಕೆ. ಧ್ವನಿಯ ಕೆಳಗೆ ಎ52 ಎಂದು ಕಂಡರೆ ಅದು ಎಸಿ3. ಈ ಮೂರು ಸಾಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಕೆಲಸ ಊಹೆಯಲ್ಲಿ ನಡೆಯುವುದಿಲ್ಲ.

ಐಫೋನಿನ ಕಥೆ ಇಲ್ಲೇ ಬಗೆಹರಿಯುತ್ತದೆ. 2017ರ ಐಒಎಸ್ 11ರಿಂದ ಈಚೆಗೆ ಐಫೋನ್ 7 ಮತ್ತು ಅದರ ನಂತರದ ಫೋನುಗಳು ಎಚ್‌ಇವಿಸಿಯಲ್ಲೇ ಚಿತ್ರೀಕರಿಸುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅದರಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಸಾಮಾನ್ಯ ವಿಡಿಯೊಗಳು ಎಚ್.264ರಲ್ಲಿ ಬರುತ್ತವೆ. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಹಾಕದೆ ಡಾಕ್ಯುಮೆಂಟ್ ಎಂದು ಹಾಕಲಿ. ಗುಣಮಟ್ಟ ಕುಗ್ಗುವುದಿಲ್ಲ, 2 ಜಿಬಿವರೆಗೆ ಕಳಿಸಬಹುದು.

ಬೇರೆ ಪ್ಲೇಯರ್ ಯಾರಿಗೆ?

ಎಲ್ಲರಿಗೂ ವಿಎಲ್‌ಸಿಯೇ ಸರಿ ಎಂದಲ್ಲ. ರ್‍ಯಾಮ್ ಕಡಿಮೆ ಇರುವ ವಿಂಡೋಸ್ ಕಂಪ್ಯೂಟರಿಗೆ ಮೀಡಿಯಾ ಪ್ಲೇಯರ್ ಕ್ಲಾಸಿಕ್ ಹೋಮ್ ಸಿನಿಮಾ ಹಗುರ. ಮೂಲ ತಂಡ 2017ರಲ್ಲಿ ಕೆಲಸ ನಿಲ್ಲಿಸಿತು. ಬಳಿಕ ಮತ್ತೊಬ್ಬ ಅಭಿವೃದ್ಧಿಕಾರ ಅದನ್ನು ಮುಂದುವರಿಸುತ್ತಿರುವುದರಿಂದ ಹೊಸ ಆವೃತ್ತಿಯನ್ನೇ ಹುಡುಕಿ ಹಾಕಿಕೊಳ್ಳಬೇಕು. ಕೊರಿಯಾದ ಪಾಟ್‌ಪ್ಲೇಯರ್‌ನಲ್ಲಿ ಸೌಲಭ್ಯ ವಿಪರೀತ, ಆದರೆ ವಿಂಡೋಸ್‌ಗೆ ಮಾತ್ರ. ಅದರ ಸೋರ್ಸ್ ಕೋಡ್ ಕೂಡ ಮುಕ್ತವಲ್ಲ. ಲಿನಕ್ಸ್ ಬಳಸುವವರು ಎಂಪಿವಿ ಅಥವಾ ಅದಕ್ಕೆ ಗುಂಡಿಗಳನ್ನು ಜೋಡಿಸಿದ ಎಸ್‌ಎಂಪ್ಲೇಯರ್ ನೋಡಬಹುದು.

ಮೊಬೈಲಿನಲ್ಲಿ ಎಂಎಕ್ಸ್ ಪ್ಲೇಯರ್ ಮನೆಮಾತು. ಬೆರಳು ಸವರಿ ಸದ್ದು, ಬೆಳಕು ಹೆಚ್ಚಿಸುವ ಅನುಕೂಲ ಅದರದ್ದು. ಆದರೆ ಇಎಸಿ3 ಎಂಬ ಧ್ವನಿ ಕೋಡೆಕ್ ಇರುವ ಫೈಲ್ ತೆರೆದರೆ ‘ಈ ಆಡಿಯೊ ಫಾರ್ಮ್ಯಾಟ್ ನಡೆಯುವುದಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ತೋರಿಸಿ ಮೌನವಾಗುತ್ತದೆ. ಪರವಾನಗಿ ಶುಲ್ಕದ ತಂಟೆಯಿಂದ ಕೈಬಿಟ್ಟ ಕೋಡೆಕ್ ಇದು. ಅಂಥ ಫೈಲನ್ನು ಮೊಬೈಲಿನ ವಿಎಲ್‌ಸಿಯಲ್ಲಿ ತೆರೆಯಿರಿ, ಸದ್ದು ಬರುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಇರುವ ಈ ಸೀಮೆಯವರಿಗೆ ಇನ್ನೊಂದು ಉಪಯೋಗ: ಒಂದೇ ಫೈಲಿನಲ್ಲಿ ಎರಡು ಭಾಷೆಯ ಧ್ವನಿ ಇದ್ದರೆ ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಬಿ ಕೀಲಿ ಒತ್ತಿದರೆ ಭಾಷೆ ಬದಲಾಗುತ್ತದೆ.

ಟಿವಿಗೆ ಹೊಂದಿಸುವುದು

ಟಿವಿಯೊಳಗಿನ ಪ್ಲೇಯರನ್ನು ಬದಲಿಸುವುದು ಕಷ್ಟ, ಫೈಲನ್ನೇ ಬದಲಿಸಬೇಕು. ಚಿತ್ರವಿದ್ದು ಸದ್ದಿಲ್ಲದಿದ್ದರೆ ಚಿತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ಡಿಟಿಎಸ್ ಧ್ವನಿಯನ್ನು ಕೈಬಿಟ್ಟಿತು. ಹಳೆಯ ಟಿವಿಯಲ್ಲಿ ಕೇಳುತ್ತಿದ್ದ ಫೈಲ್ ಹೊಸ ಟಿವಿಯಲ್ಲಿ ಮೂಕವಾಗಲು ಇಂಥ ಕಾರಣಗಳಿರುತ್ತವೆ. ಅವಿಡೆಮಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು, ಎಡಬದಿಯ ಪಟ್ಟಿಯಲ್ಲಿ ವಿಡಿಯೊ ಔಟ್‌ಪುಟ್ ‘ಕಾಪಿ’ ಎಂದೇ ಬಿಡಿ, ಆಡಿಯೊ ಔಟ್‌ಪುಟ್‌ನಲ್ಲಿ ಎಎಸಿ ಆರಿಸಿ, ಔಟ್‌ಪುಟ್ ಫಾರ್ಮ್ಯಾಟ್‌ನಲ್ಲಿ ಎಂಪಿ4 ಹಾಕಿ ಸೇವ್ ಮಾಡಿ. ಚಿತ್ರ ಇದ್ದ ಹಾಗೇ ನಕಲಾಗುವುದರಿಂದ ಗಂಟೆಗಟ್ಟಲೆ ಹಿಡಿಯುವ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ, ಗುಣಮಟ್ಟವೂ ಕೆಡುವುದಿಲ್ಲ. ಅಂಗಡಿಗಳಲ್ಲಿ ಇದನ್ನು ಮಾಡದೆ ಇಡೀ ಫೈಲನ್ನು ಹಿಂಡಿ ಕೊಡುವುದೇ ಹೆಚ್ಚು. ಮದುವೆಯ ಮುಖಗಳು ಮಸುಕಾಗುವುದು ಹಾಗೆ.

ಚಿತ್ರವೇ ಬಾರದಿದ್ದರೆ ಮಾತ್ರ ಪೂರ್ತಿ ಪರಿವರ್ತನೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಫೈಲ್ ತೆರೆದು ‘ಫಾಸ್ಟ್ 1080ಪಿ30’ ಎಂಬ ಸಿದ್ಧ ಅಳತೆ ಆರಿಸಿದರೆ ಎಚ್.264 ಚಿತ್ರ, ಎಎಸಿ ಧ್ವನಿ, ಎಂಪಿ4 ಕಟ್ಟು ಸಿಗುತ್ತದೆ. ಮೊಬೈಲ್, ಟಿವಿ, ಶಾಲೆಯ ಪ್ರೊಜೆಕ್ಟರ್‌ಗೆ ಹೂಡಿದ ಕಂಪ್ಯೂಟರ್, ಎಲ್ಲಿ ಬೇಕಾದರೂ ಓಡುವ ಜೋಡಿ ಇದು. ಸ್ಟುಡಿಯೊದವರಿಗೆ ಮುಂಗಡ ಕೊಡುವಾಗಲೇ ಇದೇ ಜೋಡಿಯಲ್ಲಿ ಒಂದು ಪ್ರತಿ ಬೇಕೆಂದು ಹೇಳುವುದು ಇನ್ನೂ ಸುಲಭ.

ಬೀರುವಿನ ಡಿವಿಡಿ

ಇದನ್ನು ಮುಂದೂಡಬಾರದು. ಡಿಸ್ಕ್‌ಗಳು ಗೀರು ಬಿದ್ದು, ಬೂಷ್ಟು ಹಿಡಿದು ದಿನೇ ದಿನೇ ಓದಲಾಗದಂತಾಗುತ್ತಿವೆ. ಡ್ರೈವ್ ಇರುವ ಕಂಪ್ಯೂಟರುಗಳೂ ಅಪರೂಪವಾಗುತ್ತಿವೆ. ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ತನ್ನ ಪ್ಲೇಯರಿನಿಂದ ಡಿವಿಡಿ ಸೌಲಭ್ಯವನ್ನೇ ತೆಗೆದಿದೆ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಕೇಳಿ ತಂದು, ಡಿಸ್ಕಿನೊಳಗಿನ ವಿಡಿಯೊ_ಟಿಎಸ್ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ನಕಲು ಮಾಡಿ. ಅದರಲ್ಲಿ ತಲಾ ಹೆಚ್ಚೆಂದರೆ 1 ಜಿಬಿಯ ವಿಒಬಿ ಫೈಲುಗಳಿರುತ್ತವೆ. ಆಮೇಲೆ ಆ ಫೋಲ್ಡರನ್ನೇ ಹ್ಯಾಂಡ್‌ಬ್ರೇಕ್‌ಗೆ ಕೊಟ್ಟು ‘ಫಾಸ್ಟ್ 576ಪಿ25’ ಆರಿಸಿ.

ಡಿವಿಡಿಯ ಚಿತ್ರವನ್ನು ನಿಲ್ಲಿಸಿ ನೋಡಿದರೆ ಅಕ್ಷತೆ ಹಾಕುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಅದು ದೋಷವಲ್ಲ. ಹಳೆಯ ಟಿವಿಗಾಗಿ ಒಂದು ಚಿತ್ರವನ್ನು ಬೆಸ ಸಾಲು, ಸಮ ಸಾಲು ಎಂದು ಎರಡು ಪಾಲು ಮಾಡಿ ಚಿತ್ರೀಕರಿಸಿದ ಗುರುತು. ವಿಎಲ್‌ಸಿಯಲ್ಲಿ ಡಿ ಕೀಲಿ ಒತ್ತಿದರೆ ಗೆರೆ ಮಾಯ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಪುಟದಲ್ಲಿ ಡೀಇಂಟರ್ಲೇಸ್ ಹಾಕಿದರೆ ಹೊಸ ಪ್ರತಿಯಲ್ಲೂ ಇರುವುದಿಲ್ಲ. ವಿಸಿಡಿಯಾದರೆ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಡಿಎಟಿ ಫೈಲ್ ಇರುತ್ತದೆ, ವಿಎಲ್‌ಸಿ ತೆರೆಯುತ್ತದೆ. ಅದರ ಚಿತ್ರ 352 ಗುಣಿಸು 288 ಚುಕ್ಕಿಗಳಷ್ಟೇ. ಎಚ್‌ಡಿ ಮಾಡಿಕೊಡುತ್ತೇವೆ ಎಂದವರ ಮಾತಿಗೆ ದುಡ್ಡು ಸುರಿಯಬೇಕಿಲ್ಲ.

ಕನ್ನಡ ಅಡಿಬರಹ ಚೌಕ ಚೌಕವಾಗಿ ಕಂಡರೆ

ಅಡಿಬರಹವಿರುವ ಎಸ್‌ಆರ್‌ಟಿ ಫೈಲಿಗೆ ವಿಡಿಯೊದ ಹೆಸರನ್ನೇ ಇಟ್ಟು ಒಂದೇ ಫೋಲ್ಡರಿನಲ್ಲಿ ಹಾಕಿ. ನೋಟ್‌ಪ್ಯಾಡಿನಲ್ಲಿ ತೆರೆದು ‘ಸೇವ್ ಆ್ಯಸ್’ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಪಿ ಒತ್ತಿ, ಸಬ್‌ಟೈಟಲ್ಸ್ ಪುಟದಲ್ಲಿ ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ, ಫಾಂಟನ್ನು ನಿರ್ಮಲ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದಾದರೆ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಅದನ್ನು ಆಯಾ ತಂತ್ರಾಂಶದಲ್ಲೇ ಇರುವ ಪರಿವರ್ತಕದಿಂದ ಯುನಿಕೋಡ್‌ಗೆ ಮಾಡಿಕೊಂಡು ಬಳಸಿ. ಮಾತು ಮುಂದೆ, ಅಡಿಬರಹ ಹಿಂದೆ ಬಿದ್ದರೆ ಜಿ ಮತ್ತು ಎಚ್ ಕೀಲಿಗಳಿಂದ ಹೊಂದಿಸಬಹುದು.

ದೊಡ್ಡ ಫೈಲ್ ಪೆನ್‌ಡ್ರೈವಿಗೆ ನಕಲಾಗುವುದೇ ಇಲ್ಲ ಎನ್ನುವವರು ಡ್ರೈವಿನ ಪ್ರಾಪರ್ಟೀಸ್ ನೋಡಿ. ಎಫ್‌ಎಟಿ32 ಎಂದಿದ್ದರೆ 4 ಜಿಬಿ ಮೀರಿದ ಒಂದೇ ಫೈಲ್ ಅದರಲ್ಲಿ ಹಿಡಿಸದು. ಎಕ್ಸ್‌ಎಫ್‌ಎಟಿಗೆ ಫಾರ್ಮ್ಯಾಟ್ ಮಾಡಬಹುದು, ಒಳಗಿದ್ದುದೆಲ್ಲ ಅಳಿಸಿಹೋಗುವುದರಿಂದ ಮೊದಲು ಬೇರೆಡೆ ಇಳಿಸಿಕೊಳ್ಳಬೇಕು. ಟಿವಿಯ ಕೈಪಿಡಿಯಲ್ಲಿ ಎಕ್ಸ್‌ಎಫ್‌ಎಟಿ ಹೆಸರಿಲ್ಲದಿದ್ದರೆ ಫಾರ್ಮ್ಯಾಟ್ ಬೇಡ. ಶಾಸ್ತ್ರ, ಧಾರೆ, ಆರತಕ್ಷತೆ ಎಂದು ಮೂರು ಫೈಲುಗಳಾಗಿ ಕೊಡಿ ಎಂದು ಸ್ಟುಡಿಯೊದವರನ್ನೇ ಕೇಳಿ.